ಹೊಸ ಕಂಪ್ರೆಸರ್‌ಗೆ ಎಷ್ಟು ಎಣ್ಣೆ? ಹಳೆಯದನ್ನು ಬಗ್ಗಿಸಿ ನೋಡಿದ ಮೇಲೆ ಹೇಳೋಣ

ಪ್ರಶ್ನೆ: ಸರ್, ನಾನು ಬಳ್ಳಾರಿಯವನು. ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, 94,000 ಕಿ.ಮೀ. ಓಡಿದೆ. ಮೂರು ವರ್ಷದಿಂದ ಪ್ರತಿ ಬೇಸಿಗೆಗೂ ಏಸಿಗೆ ಗ್ಯಾಸ್ ಹಾಕಿಸುತ್ತಿದ್ದೇನೆ. ಕಳೆದ ತಿಂಗಳು ಹೊಸಪೇಟೆಯಿಂದ ಬರುವಾಗ ಬಾನೆಟ್ ಒಳಗೆ ಕರಕರ ಸದ್ದು ಶುರುವಾಯಿತು, ಆಮೇಲೆ ರಬ್ಬರ್ ಸುಟ್ಟ ವಾಸನೆ. ಏಸಿ ಆಫ್ ಮಾಡಿದೆ, ಸದ್ದು ನಿಂತಿತು. ಮೂರು ಮೆಕ್ಯಾನಿಕ್‌ಗಳ ಹತ್ತಿರ ತೋರಿಸಿದೆ. ಮೊದಲನೆಯವರು ಹೊಸ ಕಂಪ್ರೆಸರ್ ಹಾಕಿ ಗ್ಯಾಸ್ ತುಂಬಿದರೆ ಸಾಕು, 16,000 ರೂಪಾಯಿ ಅಂದರು. ಎರಡನೆಯವರು ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲ ಬದಲಿಸಿ, ಪೈಪುಗಳ ಒಳಗೆ ದ್ರವ ಹಾಯಿಸಿ ಫ್ಲಶ್ ಮಾಡಬೇಕು, 29,000 ಆಗುತ್ತದೆ ಅಂದರು. ಮೂರನೆಯವರು ಗುಜರಿಯಿಂದ ಕಂಪ್ರೆಸರ್ ತಂದು 8,000ಕ್ಕೆ ಮುಗಿಸುತ್ತೇನೆ ಅನ್ನುತ್ತಾರೆ. ಎಣ್ಣೆಯ ವಿಷಯದಲ್ಲೂ ಒಬ್ಬೊಬ್ಬರದು ಒಂದೊಂದು ಮಾತು. ಮೊದಲಿನವರು ‘ಕಂಪ್ರೆಸರ್ ಒಳಗೇ ಎಣ್ಣೆ ಬರುತ್ತೆ, ನಾವು ಮುಟ್ಟೋದೇ ಬೇಡ’ ಅಂತಾರೆ. ಗುಜರಿಯವರು 100 ಎಂ.ಎಲ್. ಹಾಕ್ತೀನಿ ಅಂತಾರೆ. ನನ್ನ ಭಾವಮೈದ ‘ಸ್ವಲ್ಪ ಜಾಸ್ತಿನೇ ಹಾಕಿಸಿ, ಬಾಳಿಕೆ ಬರುತ್ತೆ’ ಅಂತಾನೆ. ಫ್ರಿಜ್ ರಿಪೇರಿ ಅಂಗಡಿಯ ಎಣ್ಣೆ ಆಗುತ್ತಾ? ಎರಡನೇ ಮೆಕ್ಯಾನಿಕ್ ನನ್ನ ಜೇಬಿಗೆ ಕತ್ತರಿ ಹಾಕ್ತಿದ್ದಾರಾ?

ಉತ್ತರ: ನಿಮಗೆ ಕಂಪ್ರೆಸರ್ ಹೋದ ಬೇಸರಕ್ಕಿಂತ ಮೋಸ ಹೋಗುವ ಭಯವೇ ಜಾಸ್ತಿ ಇದೆ ಅನ್ನಿಸಿತು. ತಪ್ಪೇನಿಲ್ಲ. ಒಂದೇ ಕಾಯಿಲೆಗೆ 8,000, 16,000, 29,000 ಅಂತ ಮೂರು ರೇಟು ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ.

ನೇರವಾಗಿ ಹೇಳುತ್ತೇನೆ. ಏಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಈ ಕಂಪ್ರೆಸರ್ ಒಳಗೆ ಲೋಹ ಉಜ್ಜಿ ಪುಡಿಯಾಗಿದ್ದರೆ ಎರಡನೇ ಮೆಕ್ಯಾನಿಕ್ ಹೇಳಿದ್ದೇ ಸರಿ. ಪುಡಿ ಬಂದಿಲ್ಲ ಅಂದರೆ ಅಷ್ಟು ಖರ್ಚು ಬೇಡ. ಪುಡಿ ಇದೆಯೋ ಇಲ್ಲವೋ ಅಂತ ಬಿಚ್ಚದೆ ಯಾರೂ ಹೇಳಲು ಸಾಧ್ಯವಿಲ್ಲ. ನಿಮ್ಮ ಪತ್ರದಲ್ಲಿ ಮೂವರಲ್ಲಿ ಒಬ್ಬರೂ ಒಂದು ಪೈಪನ್ನಾದರೂ ಬಿಚ್ಚಿ ನೋಡಿದ ಸುದ್ದಿ ಇಲ್ಲ. ನನಗೆ ಚಿಂತೆ ಆಗಿದ್ದು ಅದು, ರೇಟಲ್ಲ.

ಅದಕ್ಕೂ ಮೊದಲು ಕಂಪ್ರೆಸರ್ ನಿಜಕ್ಕೂ ಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳೋಣ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಕಂಪ್ರೆಸರ್ ಮುಂದಿನ ಪುಲ್ಲಿಯ ನಡುವೆ ಇರುವ ದುಂಡನೆಯ ತಟ್ಟೆಯನ್ನು ಕೈಯಿಂದ ತಿರುಗಿಸಿ. ಬೆಲ್ಟ್ ಕೂರುವ ಪುಲ್ಲಿಯನ್ನಲ್ಲ, ಅದರ ಮುಂದಿನ ಕ್ಲಚ್ ತಟ್ಟೆಯನ್ನು. ಏಸಿ ಹಾಕಿದಾಗ ಮಾತ್ರ ಇದು ಪುಲ್ಲಿಗೆ ಅಂಟಿಕೊಂಡು ಕಂಪ್ರೆಸರನ್ನು ತಿರುಗಿಸುತ್ತದೆ. ಸ್ವಲ್ಪ ಬಿಗಿಯಾಗಿ, ಒಂದೇ ಸಮನೆ ತಿರುಗಿದರೆ ಒಳಗೆ ಆರೋಗ್ಯವಾಗಿದೆ. ಅಲ್ಲಾಡದಿದ್ದರೆ ಜಾಮ್ ಆಗಿದೆ. ಮರಳು ಸಿಕ್ಕಿಕೊಂಡ ಹಾಗೆ ಕರ್ ಕರ್ ಅಂತ ತಿರುಗಿದರೂ ಅದರ ಕಾಲ ಮುಗಿಯಿತು. ಏಸಿ ಆಫ್ ಇದ್ದಾಗಲೂ ಎಂಜಿನ್ ಜತೆಗೆ ಸದ್ದು ಬರುತ್ತಿದ್ದರೆ ಬಹಳ ಸಲ ಪುಲ್ಲಿಯ ಬೇರಿಂಗ್ ಮಾತ್ರ ಹೋಗಿರುತ್ತದೆ. ಅದಕ್ಕೆ ಕಂಪ್ರೆಸರ್ ಬದಲಿಸಬೇಕಾಗಿಲ್ಲ. ನಿಮಗೆ ಏಸಿ ಆಫ್ ಮಾಡಿದ ಕೂಡಲೇ ಸದ್ದು ನಿಂತಿದೆ, ಬೆಲ್ಟ್ ಸುಟ್ಟ ವಾಸನೆಯೂ ಬಂದಿದೆ. ಹಾಗಾಗಿ ಒಳಗೇ ಜಾಮ್ ಆಗಿರುವ ಸಾಧ್ಯತೆ ಹೆಚ್ಚು. ಆದರೂ ಕೈಯಿಂದ ಒಂದು ಸಲ ತಿರುಗಿಸಿ ನೋಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇದೇ ತೊಂದರೆ ಇರುವ ಬೇರೆ ಓದುಗರಿಗೆ ಒಂದು ಮಾತು. ಕೆಲವು ಹೊಸ ಕಾರುಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಬರುತ್ತದೆ. ಅದರ ಹಿಂಭಾಗದಲ್ಲಿ ಬೆರಳುದ್ದದ ಒಂದು ಕಂಟ್ರೋಲ್ ವಾಲ್ವ್ ಇರುತ್ತದೆ. ಅದು ಕೆಟ್ಟರೂ ತಂಪು ಬರುವುದಿಲ್ಲ, ಕಂಪ್ರೆಸರ್ ಹೋಯಿತು ಅಂತ ಹೇಳಿಬಿಡುತ್ತಾರೆ. ಸದ್ದಿಲ್ಲ, ಎಣ್ಣೆ ಸ್ವಚ್ಛ ಇದೆ, ತಂಪು ಮಾತ್ರ ಇಲ್ಲ ಅನ್ನುವವರು ಆ ವಾಲ್ವನ್ನು ಮೊದಲು ಪರೀಕ್ಷೆ ಮಾಡಿಸಿ.

ಈಗ ಎಣ್ಣೆಯ ವಿಷಯ. ಎಂಜಿನ್ನಿನ ಎಣ್ಣೆ ತಳದಲ್ಲಿ ಕೂತಿರುತ್ತದೆ, ಕಡ್ಡಿ ಎಳೆದು ನೋಡಿದರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಕಾರಿನ ಏಸಿಗೆ ಅಂಥ ಕಡ್ಡಿ ಇಲ್ಲ. ಎಣ್ಣೆ ಒಂದು ಕಡೆ ಕೂರುವುದೂ ಇಲ್ಲ. ಗ್ಯಾಸಿನ ಜತೆ ಬೆರೆತು ಕಂಪ್ರೆಸರ್‌ನಿಂದ ಹೊರಡುತ್ತದೆ, ರೇಡಿಯೇಟರ್ ಮುಂದೆ ನಿಂತು ಬಿಸಿ ಹೊರಹಾಕುವ ಕಂಡೆನ್ಸರ್ ಹೊಕ್ಕು, ತೇವ ಹೀರುವ ಡ್ರೈಯರ್, ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್ ದಾಟಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸುತ್ತಿ ಮತ್ತೆ ಕಂಪ್ರೆಸರ್‌ಗೆ ಬರುತ್ತದೆ. ದಾರಿಯುದ್ದಕ್ಕೂ ಒಳಗೋಡೆಗೆ ಸ್ವಲ್ಪ ಸ್ವಲ್ಪ ಅಂಟಿಕೊಂಡಿರುತ್ತದೆ. ಸಣ್ಣ ಕಾರಿನಲ್ಲಿ ಒಟ್ಟು ಎಣ್ಣೆ ಎಷ್ಟು ಗೊತ್ತಾ? ಸಾಮಾನ್ಯವಾಗಿ 80ರಿಂದ 150 ಎಂ.ಎಲ್. ಹೋಟೆಲಿನ ಬೈಟು ಕಾಫಿ ಲೋಟದಲ್ಲಿ ಹಿಡಿಸುವಷ್ಟು. ಇದರಲ್ಲಿ 20 ಎಂ.ಎಲ್. ಆಚೀಚೆ ಆದರೂ ವ್ಯತ್ಯಾಸ ದೊಡ್ಡದೇ.

ನಿಮ್ಮ ಕಂಪ್ರೆಸರ್ ಯಾಕೆ ಹೋಯಿತು ಅನ್ನುವುದಕ್ಕೂ ಉತ್ತರ ಬಹುಶಃ ಇಲ್ಲೇ ಇದೆ. ಪ್ರತಿ ವರ್ಷ ಗ್ಯಾಸ್ ಹಾಕಿಸಿದೆ ಅಂದಿರಿ. ಕಾರಿನ ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಸುತ್ತುತ್ತಿರುತ್ತದೆ ಅಷ್ಟೆ. ಹತ್ತು ವರ್ಷದಲ್ಲಿ ಹೋಸ್‌ಗಳ ಮೂಲಕ ಅಷ್ಟಿಷ್ಟು ಜಿನುಗಬಹುದು, ಆದರೆ ವರ್ಷ ವರ್ಷ ಖಾಲಿ ಆಗುತ್ತಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕಿನಲ್ಲಿ ಗ್ಯಾಸ್ ಜತೆ ಎಣ್ಣೆಯೂ ಹೋಗುತ್ತದೆ. ನಿಮಗೆ ಗ್ಯಾಸ್ ತುಂಬಿದವರು ಹೋದ ಎಣ್ಣೆಯನ್ನು ತುಂಬಿದರಾ? ಬಿಲ್ ಇದ್ದರೆ ನೋಡಿ, ಬಹುಶಃ ಇರುವುದಿಲ್ಲ. ಇನ್ನೊಂದು ಕಷ್ಟ ಏನೆಂದರೆ, ಗ್ಯಾಸ್ ಕಮ್ಮಿ ಇದ್ದಾಗ ಕೂಲಿಂಗ್ ಕಾಯಿಲ್‌ನಲ್ಲಿರುವ ಎಣ್ಣೆಯನ್ನು ವಾಪಸ್ ಹೊತ್ತು ತರುವ ಶಕ್ತಿ ಗ್ಯಾಸಿಗೆ ಇರುವುದಿಲ್ಲ. ಎಣ್ಣೆ ಅಲ್ಲೇ ನಿಲ್ಲುತ್ತದೆ, ಕಂಪ್ರೆಸರ್ ಒಣಗುತ್ತದೆ. ತಂಪಾಗುವುದು ಸ್ವಲ್ಪ ಕಮ್ಮಿಯಾಗಿದೆ ಅಂತ ನಾವು ಬ್ಲೋವರ್ ನಾಲ್ಕಕ್ಕೆ ಏರಿಸಿ ಓಡಿಸುತ್ತಲೇ ಇರುತ್ತೇವೆ. ಒಳಗೆ ಪಿಸ್ಟನ್ ಎಣ್ಣೆಯಿಲ್ಲದೆ ಉಜ್ಜುತ್ತಿರುತ್ತದೆ. ನನ್ನ ವರ್ಕ್‌ಶಾಪಿಗೆ ಬಂದ ಜಾಮ್ ಆದ ಕಂಪ್ರೆಸರ್‌ಗಳಲ್ಲಿ ಹೆಚ್ಚಿನವು ಹೀಗೆ ಬಾಯಾರಿ ಸತ್ತವು. ವಯಸ್ಸಾಗಿ ಸತ್ತವು ಕಮ್ಮಿ.

ಹಾಗಾಗಿ ಲೀಕ್ ಹುಡುಕದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದಕ್ಕೂ ಇದೇ ಗತಿ. ಎಲ್ಲಿ ಧೂಳು ಎಣ್ಣೆಯಲ್ಲಿ ನೆಂದು ಕಪ್ಪು ಮೆತ್ತೆಯಾಗಿ ಕೂತಿದೆಯೋ ಅಲ್ಲಿಂದ ಹುಡುಕಲು ಶುರು ಮಾಡಬೇಕು. ಪೈಪ್ ಜಾಯಿಂಟ್, ಕಂಪ್ರೆಸರ್ ಮುಂಭಾಗದ ಶಾಫ್ಟ್ ಸೀಲ್, ಕಲ್ಲೇಟು ತಿಂದ ಕಂಡೆನ್ಸರ್, ಗ್ಯಾಸ್ ತುಂಬುವ ವಾಲ್ವಿನ ಪಿನ್, ಇವೇ ಮಾಮೂಲಿ ಜಾಗಗಳು. ನಿಮ್ಮ ಕಡೆ ಸಂಡೂರು, ಹೊಸಪೇಟೆ ರಸ್ತೆಯ ಕೆಂಪು ಧೂಳು ಕಂಡೆನ್ಸರ್ ಸಂದಿಗಳಲ್ಲಿ ತುಂಬಿಕೊಳ್ಳುವುದು ಬೇರೆ. 40 ಡಿಗ್ರಿ ಬಿಸಿಲಲ್ಲಿ ಕಂಡೆನ್ಸರ್‌ಗೆ ಗಾಳಿ ಸಿಗದಿದ್ದರೆ ಒತ್ತಡ ಏರುತ್ತದೆ, ಕಂಪ್ರೆಸರ್ ಕಾಯುತ್ತದೆ, ಎಣ್ಣೆ ಸೀಯುತ್ತದೆ. ತಿಂಗಳಿಗೊಮ್ಮೆ ಸಾಧಾರಣ ನೀರಿನ ಪೈಪಿನಿಂದ ತೊಳೆಸಿ. ವಾಟರ್ ವಾಶ್‌ನ ಗನ್ ಹತ್ತಿರ ಹಿಡಿಯಬಾರದು, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

‘ಕಂಪ್ರೆಸರ್ ಒಳಗೇ ಎಣ್ಣೆ ಬರುತ್ತೆ’ ಅನ್ನುವುದು ಅರ್ಧ ಸತ್ಯ. ಬಿಡಿಭಾಗವಾಗಿ ಮಾರುವ ಹೊಸ ಕಂಪ್ರೆಸರ್‌ಗಳಲ್ಲಿ ಬಹಳಷ್ಟಕ್ಕೆ ಇಡೀ ಏಸಿಗೆ ಬೇಕಾದಷ್ಟು ಎಣ್ಣೆ ತುಂಬಿರುತ್ತಾರೆ. ಕೆಲವಕ್ಕೆ ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಒಂದೆರಡು ಚಮಚ ಮಾತ್ರ. ಕೆಲವು ಪೂರ್ತಿ ಒಣ. ಡಬ್ಬದ ಮೇಲಿನ ಚೀಟಿ ಓದಬೇಕು. ಓದಿದ ಮೇಲೂ ಬಗ್ಗಿಸಿ ಅಳೆಯಬೇಕು. ಇನ್ನು ಮುಚ್ಚಳ ಸಡಿಲಿಸುವಾಗ ಬಹಳ ಕಂಪ್ರೆಸರ್‌ಗಳಲ್ಲಿ ಬುಸ್ ಅಂತ ನೈಟ್ರೋಜನ್ ಹೊರಗೆ ಬರುತ್ತದೆ. ಅದು ಒಳ್ಳೆಯ ಲಕ್ಷಣ, ಸೀಲ್ ಗಟ್ಟಿಯಾಗಿದೆ ಅಂತ ಅರ್ಥ.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಕಾರಿನ ಒಟ್ಟು ಎಣ್ಣೆ 100 ಎಂ.ಎಲ್. ಅಂದುಕೊಳ್ಳಿ. ಹಳೆ ಕಂಪ್ರೆಸರ್ ಬಿಚ್ಚಿ, ತಲೆಕೆಳಗೆ ಹಿಡಿದು, ಕ್ಲಚ್ ತಟ್ಟೆಯನ್ನು ಕೈಯಿಂದ ತಿರುಗಿಸುತ್ತಾ ಬಗ್ಗಿಸಿದಾಗ 40 ಎಂ.ಎಲ್. ಬಂತು. ಅಂದರೆ ಉಳಿದ 60ರ ಹತ್ತಿರ ಎಣ್ಣೆ ಪೈಪು, ಕಂಡೆನ್ಸರ್, ಕಾಯಿಲ್‌ಗಳಲ್ಲಿ ಇನ್ನೂ ಇದೆ. ಈಗ 100 ಎಂ.ಎಲ್. ತುಂಬಿದ ಹೊಸ ಕಂಪ್ರೆಸರನ್ನು ಹಾಗೇ ಕೂರಿಸಿದರೆ ಒಟ್ಟು 160 ಆಯಿತು! ಅದಕ್ಕೇ ಹೊಸದರ ಎಣ್ಣೆಯನ್ನು ಸ್ವಚ್ಛವಾದ ಗ್ಲಾಸಿಗೆ ಬಗ್ಗಿಸಿ, 40 ಎಂ.ಎಲ್. ಮಾತ್ರ ವಾಪಸ್ ಹಾಕಬೇಕು. ಹಳೆಯದರ ಒಳಗೆ ಅಂಟಿ ಉಳಿದಿದ್ದಕ್ಕೆ ಅಂತ ಐದ್ಹತ್ತು ಎಂ.ಎಲ್. ಸೇರಿಸಲು ಕೆಲವು ಕಂಪನಿಗಳು ಹೇಳುತ್ತವೆ. ಡ್ರೈಯರ್ ಬದಲಿಸಿದರೆ ಅದರಲ್ಲಿ ಹೋದ ಎಣ್ಣೆಗೆ 10ರಿಂದ 15, ಕಂಡೆನ್ಸರ್ ಬದಲಿಸಿದರೆ 20ರಿಂದ 30, ಕೂಲಿಂಗ್ ಕಾಯಿಲ್ ಆದರೆ 30ರಿಂದ 40 ಎಂ.ಎಲ್. ಸೇರಿಸುವುದು ರೂಢಿ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಬೇರೆ ಅಂಕಿ ಹೇಳಿದರೆ ಅದೇ ಸರಿ, ನನ್ನದಲ್ಲ. ಲೀಕ್ ಆಗಿ ಎಣ್ಣೆ ಮೊದಲೇ ಹೋಗಿರುವ ನಿಮ್ಮಂಥ ಕಾರಿನಲ್ಲಿ ಈ ಲೆಕ್ಕವನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಳೆಯದರಿಂದ ಬರೀ 10 ಎಂ.ಎಲ್. ಬಂತು ಅಂತ ಹೊಸದಕ್ಕೂ ಹತ್ತೇ ಹಾಕಿದರೆ ಅದೂ ಬಾಯಾರಿ ಸಾಯುತ್ತದೆ.

ಈಗ ಎರಡನೇ ಮೆಕ್ಯಾನಿಕ್ ಕೆಲಸ ನೋಡಿ. ಅವರು ಕಂಡೆನ್ಸರ್, ಡ್ರೈಯರ್ ಹೊಸದು ಹಾಕುತ್ತಾರೆ, ಪೈಪು ಮತ್ತು ಕಾಯಿಲನ್ನು ಫ್ಲಶ್ ಮಾಡುತ್ತಾರೆ. ಹಳೆ ಎಣ್ಣೆ ಒಂದು ಹನಿಯೂ ಉಳಿಯುವುದಿಲ್ಲ. ಆಗ ಕಂಪ್ರೆಸರ್ ಜತೆ ಬಂದ 100 ಎಂ.ಎಲ್. ಪೂರ್ತಿ ಬೇಕು, ಬಗ್ಗಿಸಿ ಕಮ್ಮಿ ಮಾಡಿದರೆ ತಪ್ಪು. ನೋಡಿ, ‘ಒಳಗೇ ಎಣ್ಣೆ ಬರುತ್ತೆ, ಮುಟ್ಟೋದು ಬೇಡ’ ಅನ್ನುವ ಅದೇ ಮಾತು ಮೊದಲನೆಯವರ ಕೆಲಸದಲ್ಲಿ ತಪ್ಪಾಗುತ್ತದೆ, ಎರಡನೆಯವರ ಕೆಲಸದಲ್ಲಿ ಸರಿಯಾಗುತ್ತದೆ. ಎಷ್ಟು ಎಣ್ಣೆ ಅನ್ನುವುದು ಒಳಗೆ ಎಷ್ಟು ಉಳಿದಿದೆ ಅನ್ನುವುದರ ಮೇಲೆ ನಿಂತಿದೆ. ‘100 ಎಂ.ಎಲ್. ಹಾಕ್ತೀನಿ’ ಅಂತ ಬಿಚ್ಚುವ ಮೊದಲೇ ಹೇಳುವವರು ಲೆಕ್ಕ ಹಾಕಿಲ್ಲ, ಅಭ್ಯಾಸಬಲದಿಂದ ಹೇಳುತ್ತಿದ್ದಾರೆ.

ಅಳೆಯಲು ದೊಡ್ಡ ಯಂತ್ರ ಬೇಡ. ನಾನು ಮೆಡಿಕಲ್ ಶಾಪಿನ 50 ಎಂ.ಎಲ್. ಸಿರಿಂಜು ಇಟ್ಟುಕೊಂಡಿದ್ದೇನೆ. ಮುಖ್ಯವಾದದ್ದು ಬಿಚ್ಚುವ ಮುಂಚಿನ ಕೆಲಸ. ಗ್ಯಾಸನ್ನು ಯಂತ್ರದಿಂದ ನಿಧಾನವಾಗಿ ಎಳೆದುಕೊಳ್ಳಬೇಕು. ವಾಲ್ವ್ ಒತ್ತಿ ಭುಸ್ ಅಂತ ಗಾಳಿಗೆ ಬಿಟ್ಟರೆ ಎಣ್ಣೆಯೂ ನೊರೆಯಾಗಿ ಜತೆಗೇ ಹಾರುತ್ತದೆ, ಅಲ್ಲಿಗೆ ಲೆಕ್ಕ ತಪ್ಪಿತು. ಹಾಗೆ ಬಿಡುವುದು ಊರಿಗೂ ಒಳ್ಳೆಯದಲ್ಲ. ನಿಮ್ಮ ಕಾರಿನಲ್ಲಿರುವ ಆರ್-134ಎ ಗ್ಯಾಸ್ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,400 ಪಟ್ಟು ಮೇಲೆ. ಗ್ಯಾಸ್ ಎಳೆಯುವಾಗ ಯಂತ್ರದ ಬಾಟಲಿಗೆ ಸ್ವಲ್ಪ ಎಣ್ಣೆ ಬಂದಿರುತ್ತದೆ, ಅದನ್ನೂ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನಿಮ್ಮ ಭಾವಮೈದನ ‘ಸ್ವಲ್ಪ ಜಾಸ್ತಿ’ಗೆ ಬರೋಣ. ನಾನೂ ಕೆಲಸ ಕಲಿಯುವಾಗ ಹಾಗೇ ಅಂದುಕೊಂಡಿದ್ದೆ. ಒಂದು ಟ್ಯಾಕ್ಸಿಗೆ ಹೊಸ ಕಂಪ್ರೆಸರನ್ನು ಡಬ್ಬದಿಂದ ತೆಗೆದು ಹಾಗೇ ಕೂರಿಸಿದೆ, ಮೇಲೆ ‘ಇರಲಿ’ ಅಂತ ಇನ್ನೂ 50 ಎಂ.ಎಲ್. ಸುರಿದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನವಾದರೆ ತಂಪು ಸಾಲದು. ಹೈ ಪ್ರೆಶರ್ ಏರಿ ಏಸಿ ತಾನೇ ಕಟ್ ಆಗುತ್ತಿತ್ತು. ಎರಡು ಸಲ ಗ್ಯಾಸ್ ತೆಗೆದು ಮತ್ತೆ ತುಂಬಿದೆ. ಟ್ಯಾಕ್ಸಿಯವರು ಮೂರನೇ ಸಲ ಬಂದಾಗ ನಮ್ಮ ಮೇಸ್ತ್ರಿ ತಾವೇ ಪೈಪ್ ಬಿಚ್ಚಿದರು. ಎಣ್ಣೆ ನಲ್ಲಿ ಬಿಟ್ಟ ಹಾಗೆ ಸುರಿಯಿತು. ಅವರು ಬೈಯಲಿಲ್ಲ. ಒಂದು ಗ್ಲಾಸು ಕೊಟ್ಟು ‘ಅಳೆ’ ಅಂದರು ಅಷ್ಟೆ. ಆ ದಿನದ ಕೂಲಿ ನನಗೆ ಸಿಗಲಿಲ್ಲ.

ಆದದ್ದು ಇಷ್ಟೆ. ದೋಸೆ ಹೆಂಚಿಗೆ ಎಣ್ಣೆ ಸವರಬೇಕು, ಸುರಿಯಬಾರದು. ಜಾಸ್ತಿ ಎಣ್ಣೆ ಕಂಡೆನ್ಸರ್, ಕಾಯಿಲ್‌ಗಳ ಒಳಗೋಡೆಗೆ ದಪ್ಪಗೆ ಮೆತ್ತಿಕೊಂಡು ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ. ಗ್ಯಾಸಿಗೆ ಇರಬೇಕಾದ ಜಾಗವನ್ನೂ ತಿನ್ನುತ್ತದೆ. ತೀರಾ ಜಾಸ್ತಿಯಾದರೆ ಎಣ್ಣೆ ಪಿಸ್ಟನ್ ಮೇಲೆ ತುಂಬಿಕೊಂಡು ವಾಲ್ವ್ ಪಟ್ಟಿ ಮುರಿಯುವುದೂ ಉಂಟು. ಗ್ಯಾಸನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲು ಆಗುವುದಿಲ್ಲ ಅಲ್ವಾ.

ಫ್ರಿಜ್ ಅಂಗಡಿಯ ಎಣ್ಣೆ ಖಂಡಿತ ಬೇಡ. ಅಲ್ಲಿ ಸಿಗುವುದು ಬಹಳ ಸಲ ಮಿನರಲ್ ಎಣ್ಣೆ. ಹಿಂದೆ ಕಾರುಗಳಲ್ಲಿ ಆರ್-12 ಗ್ಯಾಸ್ ಇದ್ದಾಗ ಅದು ನಡೆಯುತ್ತಿತ್ತು. ಆರ್-134ಎ ಜತೆ ಮಿನರಲ್ ಎಣ್ಣೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಸುತ್ತುವುದಿಲ್ಲ, ಕಾಯಿಲ್ ತಳದಲ್ಲಿ ಕೂತುಬಿಡುತ್ತದೆ. ನಿಮ್ಮ ಕಾರಿಗೆ ಬೇಕಾದದ್ದು ಪ್ಯಾಗ್ (ಪಿಎಜಿ) ಅನ್ನುವ ಕೃತಕ ಎಣ್ಣೆ. ಅದರಲ್ಲೂ 46, 100, 150 ಅಂತ ದಪ್ಪ ಬೇರೆ ಬೇರೆ. ಯಾವುದು ಅಂತ ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಡೆನ್ಸೊ ಕಂಪನಿಯ ಕಂಪ್ರೆಸರ್ ಮೇಲೆ ಎನ್‌ಡಿ ಆಯಿಲ್ 8 ಅಂತ ಇದ್ದರೆ ಅದು 46ರ ಜಾತಿ. ಸ್ಯಾಂಡನ್‌ನವರದು ಎಸ್‌ಪಿ ಅಂತ ಶುರುವಾಗುವ ಹೆಸರು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕರೆಂಟ್ ಕಂಪ್ರೆಸರ್‌ಗೆ ಪ್ಯಾಗ್ ಹಾಕುವ ಹಾಗಿಲ್ಲ. ಅವಕ್ಕೆ ಕಂಪನಿ ಹೇಳಿದ ಎಣ್ಣೆಯೇ ಆಗಬೇಕು, ಹೆಚ್ಚಾಗಿ ಪಿಒಇ ಅನ್ನುವ ಇನ್ನೊಂದು ಕೃತಕ ಎಣ್ಣೆಯ ಜಾತಿಯದು. ಒಳಗಿನ ಮೋಟಾರಿಗೂ ಇದೇ ಎಣ್ಣೆ ತಾಗುತ್ತಿರುತ್ತದೆ, ಪ್ಯಾಗ್ ಎಣ್ಣೆ ಕರೆಂಟನ್ನು ಸೋರಿಸುತ್ತದೆ. ಅಂಥ ಕಾರು ಇರುವವರು ಈ ಕೆಲಸವನ್ನು ಬೀದಿ ಬದಿಯ ಅಂಗಡಿಯಲ್ಲಿ ಮಾಡಿಸಬೇಡಿ.

ಪ್ಯಾಗ್ ಎಣ್ಣೆಗೆ ಇನ್ನೊಂದು ಕೆಟ್ಟ ಚಟ ಇದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ಮುಚ್ಚದೆ ಬಿಟ್ಟರೆ ನೀರೊಡೆಯುತ್ತದಲ್ಲ, ಹಾಗೆ ಇದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಸೇರಿದ ಎಣ್ಣೆ ಕ್ರಮೇಣ ಆಮ್ಲವಾಗಿ ಅಲ್ಯೂಮಿನಿಯಂ ತಿನ್ನುತ್ತದೆ. ಅಂಗಡಿಯಲ್ಲಿ ಮುಚ್ಚಳ ತೆಗೆದು ತಿಂಗಳಾದ ಡಬ್ಬದಿಂದ ಎಣ್ಣೆ ಸುರಿಯಲು ಬಂದರೆ ಬೇಡ ಅನ್ನಿ. ನಿಮ್ಮ ಕೆಲಸಕ್ಕೆ ಸಣ್ಣ ಹೊಸ ಡಬ್ಬ ಒಡೆಸಿ. ಅದೇ ಕಾರಣಕ್ಕೆ ಬಿಚ್ಚಿದ ಪೈಪುಗಳ ಬಾಯಿಗೆ ಕೂಡಲೇ ಮುಚ್ಚಳ ಹಾಕಬೇಕು. ‘ನಾಳೆ ಪಾರ್ಟ್ ಬರುತ್ತೆ’ ಅಂತ ರಾತ್ರಿಯಿಡೀ ಬಾಯಿ ತೆರೆದು ಬಿಡುವ ವರ್ಕ್‌ಶಾಪ್ ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಕಂಡೆನ್ಸರ್ ಯಾಕೆ ಬದಲಿಸಬೇಕು ಅನ್ನುವ ಪ್ರಶ್ನೆ. ಜಾಮ್ ಆದ ಕಂಪ್ರೆಸರ್ ಸಾಯುವ ಮೊದಲು ಒಳಗಿನ ಅಲ್ಯೂಮಿನಿಯಂ ಮತ್ತು ಪಿಸ್ಟನ್ ಲೇಪನದ ಪುಡಿಯನ್ನು ಗ್ಯಾಸ್ ಜತೆ ಮುಂದಕ್ಕೆ ತಳ್ಳುತ್ತದೆ. ಅದು ಸುಟ್ಟ ಎಣ್ಣೆಯಲ್ಲಿ ಕಲೆತು ಕಪ್ಪು ಕಾಡಿಗೆಯಂತಾಗುತ್ತದೆ. ಮೊದಲು ಸಿಗುವ ಜಾಗವೇ ಕಂಡೆನ್ಸರ್. ಈಗಿನ ಕಂಡೆನ್ಸರ್‌ಗಳಲ್ಲಿ ಒಂದೊಂದು ಚಪ್ಪಟೆ ಕೊಳವೆಯ ಒಳಗೆ ತೀರಾ ಸಣ್ಣ ಸಂದುಗಳು ಸಾಲಾಗಿರುತ್ತವೆ, ಗ್ಯಾಸ್ ಅಷ್ಟೂ ಸಂದುಗಳಲ್ಲಿ ಹಂಚಿ ಹರಿಯುತ್ತದೆ. ಫ್ಲಶ್ ಮಾಡಿದಾಗ ದ್ರವ ತೆರೆದಿರುವ ಸಂದುಗಳಲ್ಲಿ ಹೋಗಿಬಿಡುತ್ತದೆ, ಕಟ್ಟಿಕೊಂಡವು ಹಾಗೇ ಉಳಿಯುತ್ತವೆ. ಆಚೆ ತುದಿಯಿಂದ ಸ್ವಚ್ಛ ದ್ರವ ಬಂತು ಅಂತ ನಾವು ಖುಷಿ ಪಡುತ್ತೇವೆ. ಮೂರು ತಿಂಗಳ ಮೇಲೆ ಸಡಿಲಗೊಂಡ ಪುಡಿ ಹೊಸ ಕಂಪ್ರೆಸರ್ ಹೊಟ್ಟೆ ಸೇರುತ್ತದೆ. ಡ್ರೈಯರ್ ಮತ್ತು ಎಕ್ಸ್‌ಪಾನ್ಶನ್ ವಾಲ್ವನ್ನಂತೂ ಫ್ಲಶ್ ಮಾಡಲು ಬರುವುದೇ ಇಲ್ಲ, ಬದಲಿಸಬೇಕು. ಬಹಳ ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರ್ ಪಕ್ಕದ ಕೊಳವೆಯಲ್ಲೇ ಇರುವುದರಿಂದ ಎರಡೂ ಒಟ್ಟಿಗೇ ಹೋಗುತ್ತವೆ.

ಪೈಪು ಮತ್ತು ಕೂಲಿಂಗ್ ಕಾಯಿಲನ್ನು ಫ್ಲಶ್ ಮಾಡಬಹುದು. ಅದಕ್ಕೆಂದೇ ಬರುವ ದ್ರವ ಬಳಸಿ, ಆಮೇಲೆ ಒಣ ನೈಟ್ರೋಜನ್ ಹೊಡೆದು ಒಂದು ಹನಿಯೂ ಉಳಿಯದ ಹಾಗೆ ಒಣಗಿಸಬೇಕು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹಾಕಿ ತೊಳೆಯುವವರನ್ನು ನೋಡಿದ್ದೇನೆ. ಒಳಗೆ ಉಳಿದದ್ದು ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ, ರಬ್ಬರ್ ಸೀಲ್‌ಗಳನ್ನು ಊದಿಸುತ್ತದೆ. ಪೆಟ್ರೋಲಿನ ಬೆಂಕಿ ಭಯ ಬೇರೆ. ಕಂಪ್ರೆಸರನ್ನು ಮಾತ್ರ ಯಾವ ದ್ರವದಿಂದಲೂ ಫ್ಲಶ್ ಮಾಡಬಾರದು, ಬೇರಿಂಗ್‌ನ ಎಣ್ಣೆ ತೊಳೆದುಹೋಗುತ್ತದೆ.

ಹಾಗಾದರೆ ನಿಮ್ಮ ಮೂರು ದಾರಿಗಳಲ್ಲಿ ಯಾವುದು? 16,000ದ ಕೆಲಸ ಆಗುವುದು ಹಳೆ ಎಣ್ಣೆ ಸ್ವಚ್ಛವಾಗಿ ಬಂದರೆ ಮಾತ್ರ. ಆಗಲೂ ಡ್ರೈಯರ್ ಮತ್ತು ಪೈಪ್ ಜಾಯಿಂಟಿನ ರಬ್ಬರ್ ಬಳೆಗಳನ್ನು (ಓ-ರಿಂಗ್) ಬದಲಿಸಿ ಅನ್ನಿ, ಸ್ವಲ್ಪ ರೇಟು ಏರುತ್ತದೆ. ಎಣ್ಣೆ ಕಪ್ಪಗಿದ್ದೂ ಈ ದಾರಿ ಹಿಡಿದರೆ 16,000ವನ್ನು ಎರಡು ಸಲ ಕೊಟ್ಟ ಹಾಗೆ. ಪುಡಿ ಬಂದಿರುವ ಕಂಪ್ರೆಸರ್ ಇದ್ದಲ್ಲಿಗೆ ಹೊಸದನ್ನು ಕೂರಿಸಿದರೆ ಗ್ಯಾರಂಟಿಯನ್ನೂ ಕೊಡಲು ಅಂಗಡಿಯವರು ತಕರಾರು ಮಾಡುತ್ತಾರೆ, ಅದರಲ್ಲಿ ನ್ಯಾಯವೂ ಇದೆ.

29,000ದ್ದು ಪುಡಿ ಇದ್ದರೆ ಸರಿಯಾದ ದಾರಿ. ಅದರಲ್ಲೂ ಮೋಸಕ್ಕೆ ಜಾಗ ಇದೆ. ಫ್ಲಶ್ ಅಂತ ಬಿಲ್ಲಿನಲ್ಲಿ ಬರೆದು ಮಾಡದೇ ಇರುವುದು, ಹಳೆ ವಾಲ್ವನ್ನೇ ಒರೆಸಿ ಕೂರಿಸುವುದು. ಬದಲಿಸಿದ ಹಳೆ ಭಾಗಗಳನ್ನು ನನಗೇ ಕೊಡಬೇಕು ಅಂತ ಮೊದಲೇ ಹೇಳಿ. ಅವರು ಒಪ್ಪುವ ರೀತಿಯಲ್ಲೇ ನಿಮಗೆ ಅರ್ಧ ಗೊತ್ತಾಗುತ್ತದೆ.

ಗುಜರಿಯದ್ದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹತ್ತು ವರ್ಷ ದಾಟಿದ ಕಾರು, ವರ್ಷದೊಳಗೆ ಮಾರುವ ಯೋಚನೆ ಇದ್ದರೆ ಅದೂ ಒಂದು ಲೆಕ್ಕ. ಆದರೆ ಬಾಯಿಗೆ ಮುಚ್ಚಳ ಹಾಕಿ ಇಟ್ಟಿರಬೇಕು, ಕೈಯಿಂದ ತಿರುಗಿಸಿದರೆ ನಯವಾಗಿರಬೇಕು, ಬಗ್ಗಿಸಿದ ಎಣ್ಣೆ ತಿಳಿಯಾಗಿರಬೇಕು. ಬಾಯಿ ತೆರೆದು ಆರು ತಿಂಗಳು ಮಳೆಯಲ್ಲಿ ಬಿದ್ದಿದ್ದು ಒಳಗೆ ತೇವ ಹೀರಿರುತ್ತದೆ, ಶಾಫ್ಟ್ ಸೀಲ್ ಒಣಗಿ ಲೀಕ್ ಶುರುವಾಗುತ್ತದೆ. ಹೊಳೆಯುವ ಕಪ್ಪು ಬಣ್ಣ ಬಳಿದು ‘ರೀಕಂಡೀಶನ್’ ಅಂತ ಮಾರುವುದಕ್ಕಿಂತ ಬಣ್ಣ ಬಳಿಯದ, ಮಾಸಲು ಮಾಲನ್ನೇ ನಾನು ನಂಬುತ್ತೇನೆ. ನಿಮ್ಮ ಕಾರಿನಲ್ಲಿ ಪುಡಿ ಇದ್ದರೆ ಗುಜರಿ ಕಂಪ್ರೆಸರ್ ಹಾಕಿದರೂ ಕಂಡೆನ್ಸರ್ ಖರ್ಚು ತಪ್ಪುವುದಿಲ್ಲ, ಆಗ 8,000ದ ಲೆಕ್ಕ ಎಲ್ಲಿ ಉಳಿಯಿತು?

ಅಲ್ಲಿಯವರೆಗೆ ಕಾರು ಓಡಿಸಬಹುದಾ ಅಂತ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಏಸಿ ಆಫ್ ಇದ್ದಾಗ ಪುಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದರೆ ಓಡಿಸಬಹುದು. ಮರೆತೂ ಏಸಿ ಬಟನ್ ಒತ್ತಬೇಡಿ, ಕ್ಲಚ್‌ನ ವೈರ್ ಕನೆಕ್ಟರ್ ಕಳಚಿಸಿಬಿಡಿ. ಬಹಳ ಕಾರುಗಳಲ್ಲಿ ಆಲ್ಟರ್ನೇಟರ್ ಮತ್ತು ನೀರಿನ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಬೆಲ್ಟ್ ಕಿತ್ತರೆ ಏಸಿ ಜತೆ ಎಂಜಿನ್ನೂ ಕಾಯುತ್ತದೆ. ಸುಟ್ಟ ವಾಸನೆ ಬಂದ ಬೆಲ್ಟನ್ನು ಈ ಕೆಲಸದ ಜತೆಗೇ ಬದಲಿಸಿ.

ಕೆಲಸದ ದಿನ ಆದರೆ ಎದುರಿಗೇ ಇರಿ. ಎಲ್ಲ ಕೂರಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಕಮ್ಮಿ ಅಂದರೂ ಮುಕ್ಕಾಲು ಗಂಟೆ ಓಡಬೇಕು. ಗಾಳಿ ಮಾತ್ರ ತೆಗೆಯಲು ಐದು ನಿಮಿಷ ಸಾಕು, ಆದರೆ ಒಳಗಿನ ತೇವ ಆವಿಯಾಗಿ ಹೊರಬರಲು ಹೊತ್ತು ಬೇಕು. ವ್ಯಾಕ್ಯೂಮ್ ಅಳೆಯುವ ಗೇಜಿನ ಮುಳ್ಳು 30 ಇಂಚಿಗೆ (ಪಾದರಸದ ಲೆಕ್ಕ) ಹೋಗಲಿಲ್ಲ ಅಂತ ಗಾಬರಿ ಬೇಡ. ಮಂಗಳೂರಿನಲ್ಲಿ 30 ಇಂಚಿನ ಹತ್ತಿರ ಹೋಗುತ್ತದೆ, ನಿಮ್ಮ ಬಳ್ಳಾರಿಯಲ್ಲಿ ಸುಮಾರು 28, ಬೆಂಗಳೂರಿನ ಎತ್ತರಕ್ಕೆ 27ರ ಹತ್ತಿರವೇ ನಿಲ್ಲುತ್ತದೆ. ಪಂಪ್ ಆಫ್ ಮಾಡಿದ ಮೇಲೆ ಮುಳ್ಳು ಅರ್ಧ ಗಂಟೆ ಕದಲದೆ ನಿಂತರೆ ಸರಿ. ನಿಧಾನವಾಗಿ ವಾಪಸ್ ಬಂದರೆ ಲೀಕ್ ಇನ್ನೂ ಇದೆ, ಇಲ್ಲವೇ ಒಳಗೆ ತೇವ ಉಳಿದಿದೆ.

ಗ್ಯಾಸನ್ನು ತಕ್ಕಡಿ ಮೇಲಿಟ್ಟು ತೂಕದಿಂದ ತುಂಬಬೇಕು. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಸಣ್ಣ ಕಾರುಗಳಲ್ಲಿ ಒಟ್ಟು ಗ್ಯಾಸೇ 300ರಿಂದ 500 ಗ್ರಾಂ. 450 ಗ್ರಾಂ ಕ್ಯಾನ್ ಒಂದನ್ನು ಪೂರ್ತಿ ಬಿಟ್ಟು ‘ಆಯ್ತು ಸರ್’ ಅನ್ನುವವರು ಕೆಲವು ಕಾರಿಗೆ 100 ಗ್ರಾಂ ಜಾಸ್ತಿ ತುಂಬಿರುತ್ತಾರೆ. ತೀರಾ ಅಗ್ಗದ, ಹೆಸರಿಲ್ಲದ ಕ್ಯಾನ್‌ಗಳಿಂದ ದೂರ ಇರಿ. ಕಲಬೆರಕೆ ಗ್ಯಾಸಿನಲ್ಲಿ ಆರ್-40 ಅನ್ನುವ ರಾಸಾಯನಿಕ ಸಿಕ್ಕಿದ್ದುಂಟು. ಅದು ಅಲ್ಯೂಮಿನಿಯಂ ಜತೆ ಸೇರಿದರೆ ಗಾಳಿ ತಗುಲಿದ ಕೂಡಲೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ.

ಏಸಿ ಹಾಕುವ ಮೊದಲು ಕಂಪ್ರೆಸರಿನ ಕ್ಲಚ್ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಲು ಹೇಳಿ. ಪಿಸ್ಟನ್ ಮೇಲೆ ನಿಂತ ಎಣ್ಣೆ ಸರಿದುಹೋಗುತ್ತದೆ. ಆಮೇಲೆ ಎಂಜಿನ್ ಐಡಲ್‌ನಲ್ಲೇ ಐದು ನಿಮಿಷ ಏಸಿ ಓಡಲಿ, ಮೊದಲ ಕ್ಷಣದಲ್ಲೇ ಆಕ್ಸಿಲರೇಟರ್ ತುಳಿಯಬಾರದು. ಮುಂದೆ ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಹಾಕಿ. ಶಾಫ್ಟ್ ಸೀಲ್ ಎಣ್ಣೆಯಲ್ಲಿ ನೆನೆದಿದ್ದರೆ ಲೀಕ್ ಆಗುವುದು ಕಮ್ಮಿ.

ಈಗ ನೀವು ಮಾಡಬೇಕಾದ್ದು ಒಂದೇ. ಯಾರ ಹತ್ತಿರ ಹೋದರೂ, ಹೊಸ ಭಾಗಕ್ಕೆ ಆರ್ಡರ್ ಕೊಡುವ ಮೊದಲು ಹಳೆ ಕಂಪ್ರೆಸರ್ ಬಿಚ್ಚಿಸಿ, ಎರಡು ಹನಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ನೀರಿನಂತೆ ಅಥವಾ ತಿಳಿ ಹಳದಿಯಾಗಿದ್ದರೆ ಮೊದಲನೆಯವರ ಕೆಲಸ ಸಾಕು, ಡ್ರೈಯರ್ ಸೇರಿಸಿ, ಅಳತೆ ಮಾಡಿ ಎಣ್ಣೆ ಹಾಕಲಿ. ಹಸಿರು ಹೊಳಪು ಕಂಡರೆ ಹೆದರಬೇಡಿ, ಲೀಕ್ ಹುಡುಕಲು ಯಾರೋ ಹಾಕಿದ ಬಣ್ಣ ಅದು. ಕಂದು ಬಣ್ಣ ಇದ್ದರೆ ಎಣ್ಣೆ ಸೀದಿದೆ, ಫ್ಲಶ್ ಮಾಡಿಸಿ. ಕಪ್ಪಗಿದ್ದು, ಬೆರಳಲ್ಲಿ ಉಜ್ಜಿದರೆ ಬೆಳ್ಳಿ ಪುಡಿಯಂತೆ ಮಿಂಚಿದರೆ ಎರಡನೇ ಮೆಕ್ಯಾನಿಕ್ ಹತ್ತಿರ ಹೋಗಿ. ಆ ಕಾಗದವನ್ನೂ ಜೊತೆಗೆ ಒಯ್ಯಿರಿ, ರೇಟು ಮಾತಾಡುವಾಗ ಕೆಲಸಕ್ಕೆ ಬರುತ್ತದೆ.